ಅಕ್ಕನ ನುಣ್ಣನೆಯ ಗದ್ದ

ಗಿರಾಕಿಗಳ ಕತ್ತಿನ ಬೆವರು, ಕಿವಿಯೊಳಗಿನ ಕೂದಲು, ಬಾಯಿಯ ನಾತ ಯಾವುದಕ್ಕೂ ನನಗೆ ಹೇಸಿಗೆಯಾದದ್ದಿಲ್ಲ. ಹೇಸಿಗೆ ಹುಟ್ಟಿದ್ದು, ಅಪ್ಪ ಅಕ್ಕನ ಗದ್ದಕ್ಕೆ ನೊರೆ ಹಚ್ಚಿದ ಬೆಳಿಗ್ಗೆ.

ಕ್ಷೌರದಂಗಡಿ ಅಪ್ಪನದು. ಮೊದಲ ಕುರ್ಚಿ ಅವನದು, ಕನ್ನಡಿ ಬಿರುಕು ಬಿಟ್ಟಿರುವ ಕಡೆಯದು ನನ್ನದು. ಅರ್ಧಕ್ಕೇ ಶಾಲೆ ಬಿಟ್ಟವನಿಗೆ ಅದೇ ಹೆಚ್ಚಂತೆ. ಅಂಗಡಿಯ ಹಿಂದೆಯೇ ಮನೆ. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ಕೆಲವೇ ತಿಂಗಳಲ್ಲಿ ಅವಳ ಗದ್ದದ ತುಂಬ ಒರಟು ಕೂದಲು ಬಂತು. ನೆತ್ತಿಯ ಕೂದಲು ಉದುರಿತು. ಮುಟ್ಟು ನಿಂತಿತು, ದನಿ ದಪ್ಪಗಾಯಿತು. ಜೊತೆಯವರು ಅವಳಿಗೆ ‘ಮೀಸೆ ಮಾವ’ ಎಂದು ಹೆಸರಿಟ್ಟರು. ಹಾಲಿನವನಂತೂ ನನ್ನ ಕುರ್ಚಿಯಲ್ಲೇ ಒರಗಿ, "ಏನೋ, ಮನೇಲೂ ಒಂದು ಗಿರಾಕಿ ಹುಟ್ಟಿದೆಯಂತೆ?" ಎಂದು ಹಲ್ಲು ಕಿಸಿದ. ನನ್ನ ಕೈಯಲ್ಲಿ ರೇಜರ್ ಇತ್ತು.

ಆಸ್ಪತ್ರೆಗೆ ಹೊರಟ ದಿನ ಅಪ್ಪ ಅಕ್ಕನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಹೊಸ ಬ್ಲೇಡ್ ಹಾಕಿ ಬೋಳಿಸಿ, ಪಟಿಕ ತಿಕ್ಕಿ, ಪೌಡರ್ ಬಳಿದ.

"ಅದನ್ನ ತೋರಿಸೋಕೆ ತಾನೇ ಅಪ್ಪ ಹೋಗ್ತಿರೋದು?" ಎಂದೆ.

"ಕ್ಷೌರದವನ ಮಗಳು ಗಡ್ಡ ಬಿಟ್ಕೊಂಡು ಬೀದೀಲಿ ಹೋಗ್ಬೇಕಾ? ಬಾಯ್ಮುಚ್ಕೊಂಡು ಕಸ ಗುಡಿಸು."

ಡಾಕ್ಟರಮ್ಮನ ಮುಂದೆ ಅಪ್ಪ "ಸುಸ್ತು" ಎಂದಷ್ಟೇ ಹೇಳಿದ. ಅಕ್ಕ ಬಾಯಿ ತೆರೆಯುವ ಮೊದಲೇ, ಅವಳಿಗೆ ಗಂಟಲು ನೋವು, ಮಾತಾಡೋಕಾಗಲ್ಲ ಎಂದುಬಿಟ್ಟ. ನುಣ್ಣನೆಯ ಮುಖ ನೋಡಿ ಅವರು ಶಕ್ತಿಯ ಮಾತ್ರೆ ಬರೆದರು. ಅಪ್ಪ ಗೆದ್ದವನ ಹಾಗೆ ಎದೆಯುಬ್ಬಿಸಿ ಮನೆಗೆ ಬಂದ. ಥೂ!

ಆಮೇಲೆ ದಿನಾ ಬೆಳಿಗ್ಗೆ ಮೊದಲ ಕ್ಷೌರ ಅಕ್ಕನದೇ. ಮುಖ ಹೊಳೆಯುತ್ತಿತ್ತು, ಅವಳು ಒಳಗೊಳಗೇ ಸೊರಗುತ್ತಿದ್ದಳು. ಒಂದು ದಿನ ನನ್ನ ಕೈ ಹಿಡಿದು ತನ್ನ ಪಕ್ಕೆಲುಬಿನ ಕೆಳಗೆ ಒತ್ತಿಸಿಕೊಂಡಳು.

"ಇಲ್ಲೇನೋ ಗಟ್ಟಿಯಾಗಿ ಕೂತಿದೆ ಕಣೋ. ನಂಗೆ ಭಯ."

"ನಾಳೆಯಿಂದ ಅಪ್ಪನ ಕುರ್ಚಿಗೆ ಕೂರ್ಬೇಡ. ಗಡ್ಡ ಬೆಳೀಲಿ. ಹಾಗೇ ಹೋಗೋಣ."

ಅವಳು ಕೂರಲಿಲ್ಲ. ಅಪ್ಪ ಬೈದ, ಊಟ ಬಿಟ್ಟ. ನಾವು ಹೊರಟ ಬೆಳಿಗ್ಗೆ ಬ್ರಷ್ ಹಿಡಿದು ಬಾಗಿಲಿಗೆ ಅಡ್ಡ ನಿಂತು, ಅವಳ ಒಂದು ಕೆನ್ನೆಗೆ ನೊರೆ ಮೆತ್ತಿಯೇ ಬಿಟ್ಟ. ಅಕ್ಕ ಅದನ್ನು ಅಂಗೈಯಲ್ಲಿ ಬಳಿದು ಅವನ ಅಂಗಿಗೇ ಒರೆಸಿ ಬೀದಿಗಿಳಿದಳು. ಹಾಲಿನವನು ಸಿಳ್ಳೆ ಹೊಡೆದ. ನಾನು ಅವನ ಕಾಲ ಬುಡದಲ್ಲಿ ಉಗಿದೆ.

ಡಾಕ್ಟರಮ್ಮ ಅಕ್ಕನ ಮುಖ ನೋಡಿದವರೇ ಪೆನ್ನು ಕೆಳಗಿಟ್ಟರು.

"ಆವತ್ತು ಇದಿರಲಿಲ್ವಲ್ಲಮ್ಮ?"

"ಇತ್ತು ಡಾಕ್ಟ್ರೇ. ಅಪ್ಪ ಬೋಳಿಸಿ ಕರ್ಕೊಂಡು ಬಂದಿದ್ರು."

ಅವರು ಹಣೆ ಚಚ್ಚಿಕೊಂಡರು. ಸಂಜೆಯೊಳಗೇ ರಕ್ತ ಪರೀಕ್ಷೆ, ಸ್ಕ್ಯಾನ್ ಆದವು. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಯೊಂದಿದೆಯಂತೆ. ಗಂಡಸರಲ್ಲಿ, ಹೆಂಗಸರಲ್ಲಿ ಎಲ್ಲರಲ್ಲೂ ಅದು ಒಂದಿಷ್ಟು ಗಂಡು ಹಾರ್ಮೋನು ಮಾಡುತ್ತದಂತೆ. ಅಕ್ಕನ ಎಡಗಡೆಯದರಲ್ಲಿ ಗಂಟು ಬೆಳೆದು, ಅದನ್ನೇ ವಿಪರೀತ ಸುರಿಸುತ್ತಿತ್ತು.

"ಬೇಗ ತೆಗೀಬೇಕು. ಕೆಟ್ಟ ಗಂಟೋ ಅಲ್ವೋ, ತೆಗೆದ್ಮೇಲೇ ಗೊತ್ತಾಗೋದು. ಆವತ್ತೇ ಕಂಡಿದ್ರೆ ಇಷ್ಟು ದೊಡ್ಡದಾಗಿರ್ತಿರಲಿಲ್ಲ."

ಹಿಂದೆಯೇ ಬಂದಿದ್ದ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಮೇಲೆ ನೊರೆ ಒಣಗಿ ಬೆಳ್ಳಗಾಗಿತ್ತು. ಮಗಳು ಉಳಿಯುತ್ತಾಳಾ ಎಂದು ಕೇಳುತ್ತಾನೆ ಅಂದುಕೊಂಡೆ.

"ಆಪರೇಷನ್ ಆದ್ಮೇಲೆ ಗಡ್ಡ ಬರಲ್ವಾ?" ಎಂದ.

ನಾನು ಅವನಿಗೆ ಬೆನ್ನು ತಿರುಗಿಸಿದೆ.

"ನಿಧಾನಕ್ಕೆ ಕಮ್ಮಿ ಆಗುತ್ತೆ. ದನಿ ಮಾತ್ರ ಹೀಗೇ ಉಳೀಬಹುದು," ಎಂದರು ಡಾಕ್ಟರಮ್ಮ.

ಅಕ್ಕ ಗದ್ದ ಸವರಿಕೊಂಡು, ಕಾರಿಡಾರಿಗೆಲ್ಲ ಕೇಳಿಸುವ ಹಾಗೆ ಅದೇ ದಪ್ಪ ದನಿಯಲ್ಲಿ ಹೇಳಿದಳು:

"ಉಳೀಲಿ ಬಿಡಿ. ಬದುಕಿ ಬಂದ್ರೆ ಅಪ್ಪನ್ನ ಬೈಯೋಕೆ ಬೇಕಾಗುತ್ತೆ."