ಟೈಲರಕ್ಕ ಶಾಲೆಗೆ ಕೊಟ್ಟ ಅಳತೆ ಚೀಟಿ

ಟೈಲರಕ್ಕನಿಗೆ ಮಧ್ಯಾಹ್ನದ ಫೋನೆಂದರೆ ಭಯ. ಬೆಳಗಿನ ಫೋನು ಗಿರಾಕಿಗಳದು, ಸಂಜೆಯದು ಬಸ್ಸು ಓಡಿಸುವ ಗಂಡನದು. ಮಧ್ಯಾಹ್ನ ಬರುವುದು ಮಾತ್ರ ಮಗಳ ಶಾಲೆಯದು. ಇವತ್ತು ಪುಸ್ತಕ ಹರಿದಳು, ನಿನ್ನೆ ಪಕ್ಕದವಳನ್ನು ತಳ್ಳಿದಳು, ಕರೆದರೆ ತಿರುಗಿಯೂ ನೋಡುವುದಿಲ್ಲ, ಹೀಗೆ ದಿನಕ್ಕೊಂದು ದೂರು. ತಪ್ಪಾಯಿತು, ಬುದ್ಧಿ ಹೇಳುತ್ತೇನೆ ಎಂದು ಫೋನಿಡುತ್ತಿದ್ದಳು. ನಿಜವಾದ ಮಾತನ್ನು ಮಾತ್ರ ಹೇಳುತ್ತಿರಲಿಲ್ಲ.

ಆ ನಿಜ ಟ್ರಂಕಿನ ತಳದಲ್ಲಿ, ಹಳೆಯ ಲೈನಿಂಗ್ ಬಟ್ಟೆಯ ಕೆಳಗಿತ್ತು. ಮಗಳಿಗೆ ಆಟಿಸಂ ಇದೆ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಎರಡು ವರ್ಷದ ಹಿಂದೆ ಬರೆದುಕೊಟ್ಟ ಕಾಗದ ಅದು. ಅದನ್ನು ತೋರಿಸಿದರೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ, ಮನೆಯ ಮಾನವೂ ಹೋಗುತ್ತದೆ ಎಂದು ಅತ್ತೆ ಹೇಳಿದ್ದರು. ಟೈಲರಕ್ಕನಿಗೂ ಹಾಗೇ ಅನಿಸಿತ್ತು. ಅಂದಿನಿಂದ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ದಿನ ದೂಡುತ್ತಿದ್ದಳು.

ಮಗಳಿಗೆ ಎಂಟು ವರ್ಷ. ಎಲ್ಲಿ ಸಂದಿ ಕಂಡರೂ ನುಗ್ಗಿ ಕೂರುತ್ತಾಳೆಂದು ಅಜ್ಜಿ ಇಟ್ಟ ಅಡ್ಡಹೆಸರು ಅಳಿಲು. ಮಾತು ಕಡಿಮೆ. ಡಬ್ಬಿಗಟ್ಟಲೆ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಮಿಕ್ಸಿ ಗುರ್ರೆಂದರೆ ಸಾಕು, ಕಿವಿ ಮುಚ್ಚಿ ಮಂಚದ ಕೆಳಗೆ ಸೇರಿಬಿಡುತ್ತಾಳೆ.

ಆ ದಿನ ಫೋನಿನಲ್ಲಿ ಟೀಚರ ದನಿ ನಡುಗುತ್ತಿತ್ತು.

"ಅಮ್ಮಾ, ನಿಮ್ಮ ಮಗಳು ಮನೆಗೆ ಬಂದಿದ್ದಾಳಾ?"

ಅರ್ಧ ಹೊಲಿದ ಕೋಟು ಸೂಜಿಯ ಕೆಳಗೇ ಉಳಿಯಿತು. ಟೈಲರಕ್ಕ ಬರಿಗಾಲಲ್ಲಿ ಓಡಿದಳು.

ಶಾಲೆಯಲ್ಲಿ ಆದದ್ದು ಇಷ್ಟು. ಅಂದು ಬೆಳಗ್ಗೆ ತರಗತಿಯ ಬಾಗಿಲ ಮೇಲೇ ಹೊಸ ಕರೆಂಟ್ ಬೆಲ್ ಹಾಕಿದ್ದರು. ಅದು ಬಾರಿಸಿದಾಗಲೆಲ್ಲ ಅಳಿಲು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಟೀಚರು ನೆಟ್ಟಗೆ ಕೂರು ಎಂದು ಕೈ ಎಳೆದು ಕೆಳಗಿಡುತ್ತಿದ್ದರು. ಮೂರನೆಯ ಬೆಲ್ಲಿಗೆ ಮಗು ಚೀರಿ ಎದ್ದು ಓಡಿತು. ಬೆಂಚು ತಂದ ಗಾಡಿಗಾಗಿ ಗೇಟು ತೆರೆದೇ ಇತ್ತು.

ಅಟೆಂಡರು, ಟೀಚರು, ದೊಡ್ಡ ತರಗತಿಯ ಮಕ್ಕಳು ಎಲ್ಲರೂ ರಸ್ತೆಯುದ್ದಕ್ಕೂ ಮಗುವಿನ ಹೆಸರು ಹಿಡಿದು ಕೂಗುತ್ತಿದ್ದರು. ಕೂಗಿದಷ್ಟೂ ಅವಳು ಇನ್ನೂ ಒಳಗೆ ಸರಿಯುತ್ತಾಳೆ, ಉಸಿರೂ ಬಿಡುವುದಿಲ್ಲ. ಇದು ತಾಯಿಗೆ ಗೊತ್ತು. ಇನ್ನಾರಿಗೂ ಗೊತ್ತಿಲ್ಲ, ಯಾಕೆಂದರೆ ಅವಳು ಹೇಳಿಯೇ ಇಲ್ಲ.

ಲಾರಿಗಳು ಮೈಗೆ ತಾಗುವಷ್ಟು ಹತ್ತಿರ ಹೋಗುತ್ತಿದ್ದವು. ಒಂದೊಂದು ಬ್ರೇಕಿನ ಸದ್ದಿಗೂ ಜೀವ ಬಾಯಿಗೆ ಬರುತ್ತಿತ್ತು. ತಿರುವಿನಲ್ಲಿ ಚರಂಡಿ ಕೆಲಸ ನಡೆದಿತ್ತು. ಸಿಮೆಂಟಿನ ದೊಡ್ಡ ಪೈಪುಗಳನ್ನು ಸಾಲಾಗಿ ಇಟ್ಟಿದ್ದರು. ಕ್ರೇನು ಒಂದೊಂದನ್ನೇ ಎತ್ತಿ ಗುಂಡಿಗಿಳಿಸುತ್ತಿತ್ತು. ಪೈಪಿನೊಳಗೆ ಇಕ್ಕಟ್ಟು, ಕತ್ತಲೆ, ಅಳಿಲು ಹುಡುಕುವಂಥ ಜಾಗ. ಟೈಲರಕ್ಕನಿಗೆ ಇನ್ನು ಯೋಚಿಸುವುದಕ್ಕೆ ಏನೂ ಉಳಿಯಲಿಲ್ಲ, ನೇರವಾಗಿ ಹೋಗಿ ಕ್ರೇನಿನ ಮುಂದೆ ಎರಡೂ ಕೈ ಚಾಚಿ ನಿಂತಳು.

ಮಗು ಮೂರನೆಯ ಪೈಪಿನೊಳಗೆ ಮುದುಡಿ ಕೂತಿತ್ತು, ಕಿವಿಯ ಮೇಲೆ ಕೈ. ಆ ಪೈಪಿಗೆ ಆಗಲೇ ಕ್ರೇನಿನ ಬೆಲ್ಟು ಸುತ್ತಿ ಆಗಿತ್ತು.

ಟೈಲರಕ್ಕ ಕೂಗಲಿಲ್ಲ. ಮಣ್ಣಿನಲ್ಲೇ ಮಲಗಿ, ಕೈ ಒಳಗೆ ಚಾಚಿ ಸುಮ್ಮನೆ ಕಾದಳು. ಕಾಲು ಗಂಟೆಯ ಮೇಲೆ ಪುಟ್ಟ ಬೆರಳುಗಳು ಅವಳ ಬೆರಳು ಹಿಡಿದವು.

ಹೆಡ್‌ಮಾಸ್ಟರರ ಮುಖ ಬಿಳಿಚಿಕೊಂಡಿತ್ತು. ಇಂಥ ಮಗುವಿನ ಹೊಣೆ ನಮ್ಮಿಂದಾಗದು, ನಾಳೆಯಿಂದ ಕಳಿಸಬೇಡಿ ಎಂದರು. ಮನೆಯಲ್ಲಿ ಅತ್ತೆಯದೂ ಅದೇ ಮಾತು.

"ಬೀಸೋ ದೊಣ್ಣೆ ತಪ್ಪಿದೆ. ಇನ್ನು ಆ ಶಾಲೆ ಸಹವಾಸ ಬೇಡ. ಮನೇಲಿರಲಿ, ಕಣ್ಣ ಮುಂದಾದ್ರೂ ಇರ್ತಾಳೆ."

ಟೈಲರಕ್ಕ ಬಾಗಿಲಿಗೆ ಮೇಲಿನ ಚಿಲಕ ಹಾಕಿದಳು. ಮಾರನೆಯ ದಿನ ಎಂಟೂವರೆಗೆ ಅಳಿಲು ಬ್ಯಾಗು ಹೆಗಲಿಗೇರಿಸಿ ಆ ಬಾಗಿಲ ಮುಂದೆ ನಿಂತಳು. ಅಳಲಿಲ್ಲ, ಕೇಳಲಿಲ್ಲ. ಹನ್ನೊಂದರವರೆಗೂ ನಿಂತೇ ಇದ್ದಳು. ಮೂರು ದಿನ ಹೀಗೇ ಆಯಿತು. ಕಳಿಸಿದರೆ ಮಗು ಸಾಯುತ್ತದೆಂಬ ಭಯ, ಕಳಿಸದಿದ್ದರೆ ಇವಳ ಬದುಕು ಈ ಬಾಗಿಲಲ್ಲೇ ಮುಗಿಯುತ್ತದೆಂಬ ಭಯ. ಟೈಲರಕ್ಕನಿಗೆ ಅನ್ನವೂ ಇಳಿಯಲಿಲ್ಲ.

ನಾಲ್ಕನೆಯ ದಿನ ಆರೋಗ್ಯ ಕೇಂದ್ರದ ನರ್ಸು ತನ್ನ ಕೋಟು ಕೇಳಲು ಬಂದಳು. ಬ್ಯಾಗು ಹೊತ್ತು ನಿಂತ ಮಗುವನ್ನು ನೋಡಿ ಏನಾಯಿತೆಂದು ವಿಚಾರಿಸಿದಳು. ಟೈಲರಕ್ಕ ಎರಡು ವರ್ಷದಿಂದ ಯಾರಿಗೂ ಹೇಳದ್ದನ್ನೆಲ್ಲ ಹೇಳಿ ಅತ್ತುಬಿಟ್ಟಳು.

ಅತ್ತೆ ನಡುವೆ ಬಾಯಿ ಹಾಕಿ, ಬಸುರಿಯಾಗಿದ್ದಾಗ ಇವಳು ಹಗಲೂ ರಾತ್ರಿ ಮಿಷನ್ ತುಳಿದದ್ದಕ್ಕೇ ಹೀಗಾಯಿತೇನೋ ಎಂದರು. ಆ ಮಾತು ಟೈಲರಕ್ಕನನ್ನು ಎರಡು ವರ್ಷದಿಂದ ಕೊರೆಯುತ್ತಿತ್ತು.

"ಇಲ್ಲ ಅಜ್ಜಿ, ಇದು ಯಾರ ತಪ್ಪೂ ಅಲ್ಲ. ರೋಗಾನೂ ಅಲ್ಲ, ಅಂಟೋದೂ ಇಲ್ಲ. ಇವಳ ಮಿದುಳು ಬೆಳೆದಿರೋ ರೀತೀನೇ ಬೇರೆ. ನಮಗೆ ಬೆಲ್ ಅನ್ಸೋದು ಇವಳಿಗೆ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗೆ. ಅದಕ್ಕೇ ಓಡಿದ್ದು, ಹಟಕ್ಕಲ್ಲ."

ಆಮೇಲೆ ನರ್ಸು ಟೈಲರಕ್ಕನ ಕಡೆ ತಿರುಗಿದಳು.

"ಅಕ್ಕ, ಅಳತೆ ಇಲ್ದೆ ಯಾರ ಬಟ್ಟೆನಾದ್ರೂ ಕತ್ತರಿಸ್ತೀರಾ?"

"ಹೇಗೆ ಸಿಸ್ಟರ್? ಬಟ್ಟೆ ಹಾಳಾಗುತ್ತಲ್ಲ."

"ಮತ್ತೆ ಮಗೂನ ಮಾತ್ರ ಅಳತೆ ಹೇಳ್ದೆ ಟೀಚರ್ ಕೈಗೆ ಕೊಟ್ಟುಬಿಟ್ರಲ್ಲ. ಅವರಿಗೆ ಹೇಗೆ ಗೊತ್ತಾಗ್ಬೇಕು?"

ಗಿರಾಕಿಯ ಬಟ್ಟೆಗೆಲ್ಲ ಅಳತೆ ಚೀಟಿ ಚುಚ್ಚಿಡುವ ಟೈಲರಕ್ಕ, ಹೆತ್ತ ಮಗಳ ವಿಷಯದಲ್ಲಿ ಮರೆತದ್ದಲ್ಲ, ಬೇಕೆಂದೇ ಬಚ್ಚಿಟ್ಟಿದ್ದಳು. ಅಳತೆ ಪುಸ್ತಕದ ಹಾಳೆ ಹರಿದು ಬರೆದಳು.

ಜೋರು ಶಬ್ದ ತಡೆಯುವುದಿಲ್ಲ. ಕಿವಿ ಮುಚ್ಚಿಕೊಂಡರೆ ಕೈ ಎಳೆಯಬೇಡಿ. ಓಡುವ ಮೊದಲು ಅಂಗಿಯ ತುದಿ ತಿರುಚುತ್ತಾಳೆ, ಆಗಲೇ ಸದ್ದಿಲ್ಲದ ಕಡೆ ಕೂರಿಸಿ. ಮುಖ ನೋಡದಿದ್ದರೂ ಪಾಠ ಕೇಳುತ್ತಾಳೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಗುಂಡಿ ಕೊಟ್ಟರೆ ಕೂಡಿಸುವುದು, ಕಳೆಯುವುದು ಬರುತ್ತದೆ. ಕಾಣದಿದ್ದರೆ ಕೂಗಬೇಡಿ. ಇಕ್ಕಟ್ಟಾದ, ಕತ್ತಲೆ ಜಾಗ ನೋಡಿ.

ಅತ್ತೆ ಕಿಟಕಿಯ ಬಳಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ, ಅಂಗಿಯ ಕತ್ತಿನ ಲೇಬಲ್ ಚುಚ್ಚಿದರೆ ಕಿರುಚುತ್ತಾಳೆ, ಅದನ್ನೂ ಬರಿ ಎಂದರು.

ಹೆಡ್‌ಮಾಸ್ಟರರ ಕೋಣೆಯಲ್ಲಿ ಮರುದಿನ ಟೈಲರಕ್ಕ, ಗಂಡ ಇಬ್ಬರೂ ಕುರ್ಚಿಯ ತುದಿಯಲ್ಲಿ ಕೂತರು. ನರ್ಸೂ ಜೊತೆಗಿದ್ದಳು, ಟೀಚರನ್ನೂ ಕರೆಸಿದ್ದರು. ಡಾಕ್ಟರ ಕಾಗದ, ಚೀಟಿ ಎರಡೂ ಮೇಜಿನ ಮೇಲಿದ್ದವು. ಇನ್ನು ಹೊರಗೆ ಹಾಕುವುದೊಂದೇ ಬಾಕಿ ಎಂದು ಟೈಲರಕ್ಕ ಅಂದುಕೊಂಡಳು. ಒಂದು ಮಗುವಿಗಾಗಿ ಶಾಲೆಯನ್ನೇ ಬದಲಿಸಲಾಗುತ್ತದೆಯೇ ಎಂದು ಹೆಡ್‌ಮಾಸ್ಟರರು ಕೇಳಿದರು. ಕಲಿಯುವುದು ಮಗುವಿನ ಹಕ್ಕು, ನಾವು ಕೊಡುವ ದಾನವಲ್ಲ ಎಂದಳು ನರ್ಸು. ಅವರು ಆಗದು ಎಂಬಂತೆ ತಲೆಯಾಡಿಸಿದರು. ಆಗ ಟೈಲರಕ್ಕ ಎದ್ದು ನಿಂತಳು.

"ಸರ್, ಬಚ್ಚಿಟ್ಟಿದ್ದು ನನ್ನ ತಪ್ಪು. ನೀವು ಕಳಿಸಿಬಿಡ್ತೀರಿ ಅಂತ ಹೆದರಿ ಬಚ್ಚಿಟ್ಟೆ. ಈಗ್ಲೂ ಹೆದರಿಕೆನೇ ಇದೆ. ಆದ್ರೂ ಹೇಳ್ತಿದ್ದೀನಿ."

ಚೀಟಿ ಓದುತ್ತಿದ್ದ ಟೀಚರು ತಲೆಯೆತ್ತಿದರು. "ಸರ್, ಅವತ್ತು ಮೂರು ಸಲ ಕೈ ಎಳೆದಿದ್ದು ನಾನೇ. ಇದು ಗೊತ್ತಿದ್ದಿದ್ರೆ ಎಳೀತಿರಲಿಲ್ಲ. ನನ್ನ ಕ್ಲಾಸಲ್ಲೇ ಇರಲಿ."

ಒಂದು ತಿಂಗಳು ನೋಡೋಣ ಎಂದು ಹೆಡ್‌ಮಾಸ್ಟರರು ಒಪ್ಪಿದರು. ಬೆಲ್ಲನ್ನು ಅಂಗಳದ ಆಚೆ ತುದಿಗೆ ಹಾಕಿಸಿದರು. ಅದು ಬಾರಿಸುವ ಮೊದಲು ಟೀಚರು ಬೋರ್ಡಿನ ಮೇಲೆ ಗಂಟೆಯ ಚಿತ್ರ ಅಂಟಿಸುತ್ತಾರೆ, ಅಳಿಲು ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಏರಿಸುತ್ತಾಳೆ. ಬೀರುವಿನ ಹಿಂದೆ ಚಾಪೆ ಹಾಸಿದ ಮೂಲೆಯಿದೆ. ಗೇಟಿಗೆ ಮೇಲಿನ ಕೊಂಡಿ ಬಂದಿದೆ. ಎಲ್ಲವೂ ನೆಟ್ಟಗಾಯಿತೆಂದಲ್ಲ. ಕೆಲವು ದಿನ ಈಗಲೂ ಅಳುತ್ತಾಳೆ, ಟೈಲರಕ್ಕ ಈಗಲೂ ಹೆದರುತ್ತಾಳೆ. ಆದರೆ ತಿಂಗಳು ಕಳೆದ ಮೇಲೆ ಕಳಿಸಬೇಡಿ ಎಂದು ಯಾರೂ ಹೇಳಲಿಲ್ಲ.

ಮೊನ್ನೆ ನಲ್ಲಿಯ ಬಳಿ ಪಕ್ಕದ ಬೀದಿಯವಳೊಬ್ಬಳು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳ ಮೊಮ್ಮಗನಿಗೂ ಹೀಗೇ ಇದೆಯಂತೆ, ಶಾಲೆಗೆ ತಿಳಿಸಿಲ್ಲವಂತೆ. ಅತ್ತೆ ತುಂಬಿದ ಕೊಡ ಕೆಳಗಿಟ್ಟರು.

"ಹೋಗಿ ಹೇಳಮ್ಮ. ಮಾನ ಹೋಗುತ್ತೆ ಅಂತ ಸೊಸೆಗೆ ಹೇಳ್ಕೊಟ್ಟವಳು ನಾನೇ. ಆ ಪೈಪು ಎತ್ತಿದ್ದಿದ್ರೆ ಮಾನ ಇಟ್ಕೊಂಡು ಏನ್ ಮಾಡ್ತಿದ್ದೆ?"

ಈ ಕಥೆ ಕೇಳುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಇಂಥ ಮಗು ಇರಬಹುದು. ಆರೋಗ್ಯ ಕೇಂದ್ರದಲ್ಲಿ ಕೇಳಿ, ಡಾಕ್ಟರ ಬಳಿ ತೋರಿಸಿ, ಶಾಲೆಗೆ ತಿಳಿಸಿ. ಶಾಲೆಯವರು ಬೇಡ ಎಂದರೆ ಅಲ್ಲಿಗೇ ಬಿಡಬೇಡಿ, ತಿಳಿದವರನ್ನು ಕರೆದುಕೊಂಡು ಮತ್ತೆ ಹೋಗಿ. ಟೀಚರುಗಳೇ, ಕಿವಿ ಮುಚ್ಚಿದ ಕೈಯನ್ನು ಎಳೆಯುವ ಮೊದಲು ಯಾಕೆಂದು ಕೇಳಿ. ಇವತ್ತು ನಿಮ್ಮ ಮಗು ಹೆದರಿ ಓಡಿದರೆ ಎಲ್ಲಿ ಹುಡುಕಬೇಕೆಂದು ಶಾಲೆಯಲ್ಲಿ ಯಾರಿಗಾದರೂ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ನಾಳೆ ಬೆಳಗ್ಗೆಯೇ ಹೋಗಿ ಹೇಳಿ.