ಬಾನೆಟ್ಟಿನ ಮೇಲಿನ ಮೂರು ಗೆರೆ

ನನ್ನ ಅಣ್ಣ ವಿಜಯೇಂದ್ರನಿಗೆ ಮೊದಲಿನಿಂದಲೂ ಹೊಳಪಿನ ಹುಚ್ಚು. ಬೂಟು ಹೊಳೆಯಬೇಕು, ಮೀಸೆ ಹೊಳೆಯಬೇಕು, ಮದುವೆ ಊಟಕ್ಕೆ ಕೂತರೆ ಎದುರಿನ ಬಾಳೆಲೆಯೂ ಹೊಳೆಯಬೇಕು. ಮುಂಚೆ ಅದನ್ನು ನೋಡಿ ನಗುತ್ತಿದ್ದೆ. ಈಗ ಅವನ ಆ ಕಪ್ಪು ಕಾರನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ಅವನ ಕಾರು ಅಂದೆ, ತಪ್ಪು. ಅದು ಅಪ್ಪನದು. ನಮ್ಮ ಅಪ್ಪ ಉಜ್ಜನಪ್ಪ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಿಂದ ನಿವೃತ್ತರಾದಾಗ ಕೊಂಡದ್ದು. ಸೋಮವಾರ ಬಂತೆಂದರೆ ಅಮ್ಮ ಸ್ನಾನ, ಪೂಜೆ ಮುಗಿಸಿ, ವಿಭೂತಿ ಕಲಸಿಕೊಂಡು ಅಂಗಳಕ್ಕೆ ಬರುತ್ತಿದ್ದಳು. ಬಾನೆಟ್ಟಿನ ನಡುಮಧ್ಯೆ ಮೂರು ಬೆರಳಿನಿಂದ ಅಡ್ಡಕ್ಕೆ ಎಳೆಯುತ್ತಿದ್ದಳು, ಮಕ್ಕಳ ಹಣೆಗೆ ಹಚ್ಚುವಷ್ಟೇ ಜೋಪಾನವಾಗಿ. ಮಾರನೆಯ ದಿನ ಅಪ್ಪ ಹಳೆಯ ಪಂಚೆಯ ಚೂರಿನಿಂದ ಅದನ್ನು ಒರೆಸುತ್ತಿದ್ದರು. ಒಣ ಬಟ್ಟೆ. ಒಂದು ಹನಿ ನೀರಿಲ್ಲ.

"ನೀರು ಹಾಕಿ ತೊಳೀರಪ್ಪಾ, ಬಣ್ಣ ಹಾಳಾಗುತ್ತೆ" ಎಂದು ಅಣ್ಣ ಗೊಣಗಿದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು.

"ವಿಭೂತಿನ ಚರಂಡಿಗೆ ಬಿಡ್ಲೇನೋ?"

ಒರೆಸಿದ ಬಟ್ಟೆಯನ್ನು ಬಿಲ್ವದ ಗಿಡದ ಬುಡಕ್ಕೆ ಕೊಡವಿ ಒಳಗೆ ಬರುತ್ತಿದ್ದರು. ಒಣಗಿದ ಬೂದಿಯನ್ನು ಹಾಗೆಯೇ ಉಜ್ಜಿದರೆ ಏನಾಗುತ್ತದೆ? ಗೀರು ಬೀಳುತ್ತದೆ. ವರ್ಷಗಟ್ಟಲೆ ಅಮ್ಮ ಹಚ್ಚಿ, ಅಪ್ಪ ಉಜ್ಜಿ, ಬಾನೆಟ್ಟಿನ ಮೇಲೆ ಮೂರು ಮಸುಕು ಗೆರೆಗಳು ನಿಂತುಬಿಟ್ಟವು. ಅಪ್ಪ ಹೋದ ಮೇಲೂ ಅಮ್ಮ ಹಚ್ಚುವುದನ್ನು ಬಿಡಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದರೂ ಬಗ್ಗಿ, ಹಳೆಯ ಗೆರೆಗಳನ್ನು ಹುಡುಕಿ, ಅವುಗಳ ಮೇಲೆಯೇ ಹೊಸ ಗೆರೆ ಎಳೆಯುತ್ತಿದ್ದಳು. ಅವಳು ಒಳಗೆ ಹೋದ ಮೇಲೆ ಅಣ್ಣ ಪೈಪು ಹಿಡಿದು ತೊಳೆದುಬಿಡುತ್ತಿದ್ದ. ವಿಭೂತಿ ಸೀದಾ ಚರಂಡಿಗೆ. ಅಮ್ಮನಿಗೆ ಅದು ಕಾಣುತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಹೋದ ತಿಂಗಳು ಅಣ್ಣನ ಮಗಳು ರಂಜಿನಿಯನ್ನು ನೋಡಲು ಭಾನುವಾರ ದಾವಣಗೆರೆಯಿಂದ ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾಯಿತು. ಹುಡುಗಿಗೆ ಸೀರೆ ಯಾವುದು, ಹುಡುಗನ ಗುಣ ಎಂಥದು, ಇದ್ಯಾವುದೂ ಅಣ್ಣನಿಗೆ ಚಿಂತೆಯಾಗಲಿಲ್ಲ. ಶನಿವಾರ ಬೆಳಿಗ್ಗೆಯೇ ಭದ್ರಾವತಿಯಿಂದ ಕಾರು ತಂದು ಶಿವಮೊಗ್ಗದ ನನ್ನ ಸೀರೆ ಅಂಗಡಿಯ ಮುಂದೆ ನಿಲ್ಲಿಸಿದ.

"ಹತ್ತು ಮಾರಾಯ್ತಿ. ಪಾಲಿಶ್ ತಗೋಬೇಕು. ಬಣ್ಣದ ವಿಷಯ ನಿಂಗೆ ಗೊತ್ತಾಗುತ್ತೆ."

"ಪಾಲಿಶ್ ಯಾಕೆ?"

"ನೋಡು ಇದನ್ನ. ಹಣೆ ಮೇಲೆ ವಿಭೂತಿ ಬಳ್ಕೊಂಡ ಮುದುಕನ ಥರ ಕಾಣ್ತದೆ. ಬೀಗರು ಏನಂದ್ಕೊಳ್ತಾರೆ?"

ಅಪ್ಪನೂ ಹಣೆಗೆ ವಿಭೂತಿ ಹಚ್ಚಿಕೊಂಡ ಮುದುಕನೇ. ಆ ಮಾತು ನನ್ನ ಬಾಯಿಗೆ ಬಂತು, ಗಿರಾಕಿಗಳಿದ್ದರೆಂದು ನುಂಗಿಕೊಂಡೆ.

ಸವಳಂಗ ರಸ್ತೆಯ ಅಂಗಡಿಯಲ್ಲಿ ಡಬ್ಬಿಗಳ ಗೋಡೆಯೇ ಇತ್ತು. ಮಾಲೀಕ ಪ್ರಸನ್ನಕುಮಾರ್ ಒಂದೊಂದನ್ನೇ ತೆಗೆದು ಮುಚ್ಚಳ ಬಿಚ್ಚಿದ. ಒಂದು ಗುಲಾಬಿ ಬಣ್ಣದ ಅಂಟು, ಅದಕ್ಕೆ ಕೊಳೆತ ಬಾಳೆಹಣ್ಣಿನ ವಾಸನೆ. ಇನ್ನೊಂದು ನೆಗಡಿಯಾದ ಮಗುವಿನ ಮೂಗಿನಿಂದ ಇಳಿದದ್ದರ ಹಾಗಿತ್ತು. ಅಣ್ಣ ಎಲ್ಲದಕ್ಕೂ ಬೆರಳು ಅದ್ದಿ, ಮೂಸಿ, ಬಾನೆಟ್ಟಿನ ಮೂಲೆಗೆ ಹಚ್ಚಿ ಉಜ್ಜಿದ. ಉಜ್ಜಿದ ಜಾಗಕ್ಕೆ ಮುಖ ಹಿಡಿದು ಮೀಸೆ ನೋಡಿಕೊಂಡ. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. ನನಗೆ ಅಸಹ್ಯವಾಗಿ ಆ ಕಡೆ ತಿರುಗಿ ನಿಂತೆ.

ಪ್ರಸನ್ನಕುಮಾರ್ ಮೂರು ಗೆರೆಗಳ ಮೇಲೆ ಉಗುರಾಡಿಸಿದ.

"ಇದಕ್ಕೆ ಎರಡು ದಾರಿ ಇದೆ ಸಾರ್. ಈ ವ್ಯಾಕ್ಸ್ ಹಚ್ಚಿದ್ರೆ ಗೀರು ತುಂಬ್ಕೊಂಡು ಮುಚ್ಚಿಹೋಗುತ್ತೆ. ಒಂದೆರಡು ತಿಂಗಳಾದ್ಮೇಲೆ ತಿರ್ಗಾ ಕಾಣುತ್ತೆ. ಈ ಉಜ್ಜೋ ಕಾಂಪೌಂಡ್ ಆದ್ರೆ ಮೇಲಿನ ಪದರಾನೇ ತೇಯ್ದುಬಿಡುತ್ತೆ. ಆಮೇಲೆ ಗೀರು ಅನ್ನೋದೇ ಇರಲ್ಲ."

ನಾನು ವ್ಯಾಕ್ಸಿನ ಡಬ್ಬಿ ಎತ್ತಿ ಅಣ್ಣನ ಕೈಗೆ ತುರುಕಿದೆ.

"ವ್ಯಾಕ್ಸೇ ತಗೋ ಅಣ್ಣ" ಎಂದೆ. "ನಾಳೆ ಒಂದು ದಿನಕ್ಕೆ ತಾನೇ? ಅವರು ಬಂದು ಹೋದ್ಮೇಲೆ ಗೆರೆ ಬಂದ್ರೆ ಬರ್ಲಿ. ಅಮ್ಮ ಎಳೆದದ್ದು, ಅಪ್ಪ ಒರೆಸಿದ್ದು. ಅಪ್ಪನ ಕೈ ಗುರುತು ಅಂತ ಬೇರೆ ಏನಿದೆ ನಮ್ಮ ಮನೇಲಿ?"

"ಫೋಟೋ ಇದೆಯಲ್ಲ, ಅಷ್ಟು ದೊಡ್ಡದು."

"ಫೋಟೋ ಸ್ಟುಡಿಯೋದವ್ನು ಮಾಡಿದ್ದು."

"ತಲೆಹರಟೆ ಮಾಡ್ಬೇಡ. ಗೀರನ್ನೂ ಪೂಜೆ ಮಾಡು ಅಂತೀಯಲ್ಲ!" ಎಂದು ಅಣ್ಣ ಅಂಗಡಿಯವನ ಕಡೆ ನೋಡಿ ನಕ್ಕ. ಅವನೂ ವ್ಯಾಪಾರದ ನಗು ನಕ್ಕ. "ಕಾಂಪೌಂಡೇ ಹಾಕ್ರಿ. ಬುಡಸಮೇತ ಹೋಗ್ಲಿ."

ಯಂತ್ರ ಗುರ್ರೆಂದು ತಿರುಗಿತು. ಬಿಳಿ ನೊರೆ ನನ್ನ ಸೀರೆಗೂ ಸಿಡಿಯಿತು. ಮೊದಲು ಮೇಲಿನ ಗೆರೆ ಹೋಯಿತು, ಆಮೇಲೆ ಇನ್ನೆರಡು. ನಾನು ನಿಲ್ಲಲಾರದೆ ಆಟೋ ಹತ್ತಿದೆ. ಮನೆಗೆ ಹೋಗಿ ಸೀರೆಗೆ ಸೋಪು ಹಾಕಿ ತಿಕ್ಕಿದರೂ ಆ ಬಾಳೆಹಣ್ಣಿನ ವಾಸನೆ ಮೂಗು ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಮಲವಗೊಪ್ಪ ದಾಟಿ ಭದ್ರಾವತಿ ಮನೆಗೆ ಬಂದಾಗ ಕಾರಿಗೆ ಹೊದಿಕೆ ಹಾಕಿತ್ತು. ಗಂಡಿನ ಕಡೆಯವರು ಬರುವ ಹೊತ್ತಿಗೆ ಸರಿಯಾಗಿ ಅಣ್ಣ ಅದನ್ನು ಎಳೆದು ತೆಗೆದ. ನಿಜ ಹೇಳಬೇಕು, ಕನ್ನಡಿಯ ಹಾಗೇ ಇತ್ತು. ಬಿಲ್ವದ ಗಿಡ ತಲೆಕೆಳಗಾಗಿ ಅದರಲ್ಲಿ ಕಾಣುತ್ತಿತ್ತು.

ಹುಡುಗನ ತಂದೆ ಜಯಪ್ಪನವರು ಹಣೆ ತುಂಬ ವಿಭೂತಿ ಧರಿಸಿದ್ದ ಹಿರಿಯರು. ಉಪ್ಪಿಟ್ಟು, ಕೇಸರಿಬಾತು, ಮಾತುಕತೆ ಎಲ್ಲ ಚೆನ್ನಾಗಿಯೇ ನಡೆಯಿತು. ಹೊರಡುವಾಗ ಅವರು ಕಾರಿನ ಮುಂದೆ ನಿಂತರು. ಅಣ್ಣನ ಎದೆ ಉಬ್ಬಿತು.

"ಹೊಸಾ ಗಾಡಿ ಏನ್ರೀ? ಚಲೋ ಐತಿ. ಆದ್ರ ವಿಭೂತಿನೇ ಹಚ್ಚಿಲ್ಲಲ್ರೀ?" ಎಂದರು.

ಅಣ್ಣನ ಮುಖ ನೋಡಬೇಕಿತ್ತು. ಗೋಸುಂಬೆಗಾದರೂ ಬಣ್ಣ ಬದಲಿಸಲು ಸ್ವಲ್ಪ ಹೊತ್ತು ಬೇಕು.

"ಅಯ್ಯೋ, ನಮ್ಮನೇಲಿ ವಿಭೂತಿ ಇಲ್ದೆ ಗಾಡಿ ಗೇಟು ದಾಟಲ್ಲ! ನಿಮ್ಮೆದುರಿಗೇ ಹಚ್ಚಿಸೋಣ ಅಂತ ಕಾಯ್ತಿದ್ದೆ. ಅಮ್ಮಾ, ವಿಭೂತಿ ತಗೊಂಡು ಬಾ."

ಸೋಮವಾರವಲ್ಲದಿದ್ದರೂ ಅಮ್ಮ ಸಂತೋಷದಿಂದಲೇ ಬಟ್ಟಲು ಹಿಡಿದು ಬಂದಳು. ಬೆರಳು ಅದ್ದಿ ಬಾನೆಟ್ಟಿನ ಮೇಲೆ ಬಗ್ಗಿದಳು. ಗೆರೆಗಳನ್ನು ಹುಡುಕಿದಳು. ಇನ್ನಷ್ಟು ಬಗ್ಗಿದಳು. ಅವಳಿಗೆ ಮಸುಕಾಗಿ ಕಂಡದ್ದು ಕುಂಕುಮವಿಲ್ಲದ ಅವಳದೇ ಮುಖ. ಎಡಗೈಯಿಂದ ಬಾನೆಟ್ಟನ್ನು ಸವರಿದಳು, ಆ ಕಡೆ, ಈ ಕಡೆ. ಆಮೇಲೆ ನೆಟ್ಟಗೆ ನಿಂತಳು.

"ಇದು ನಮ್ಮ ಗಾಡಿ ಅಲ್ಲಪ್ಪ."

"ಅಮ್ಮಾ, ನಮ್ದೇ. ಹಚ್ಚು."

"ಅಲ್ಲ. ನಿಮ್ಮಪ್ಪ ಒರೆಸಿದ ಜಾಗ ನಂಗೆ ಗೊತ್ತಾಗಲ್ವಾ? ಇದು ಅಲ್ಲ" ಎಂದಳು. "ಅದನ್ನ ಮಾರ್ಬಿಟ್ಟೆಯೇನೋ ವಿಜಯೇಂದ್ರ? ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ನಾನು ಅಮ್ಮನ ಭುಜ ಹಿಡಿದುಕೊಂಡೆ. ಅಣ್ಣ ಮಾತ್ರ ಹಲ್ಲು ಬಿಟ್ಟು, "ವಯಸ್ಸಾಯ್ತು ನೋಡಿ, ಕಣ್ಣು ಕಾಣಲ್ಲ" ಎನ್ನುತ್ತ ಅವಳ ಕೈಯಿಂದ ಬಟ್ಟಲು ಕಿತ್ತುಕೊಂಡ. ತಾನೇ ಮೂರು ಬೆರಳು ಅದ್ದಿ, ಸೊಟ್ಟಸೊಟ್ಟಗೆ ಮೂರು ಗೆರೆ ಎಳೆದು ಕೈ ಮುಗಿದ. ಜಯಪ್ಪನವರೂ ಕೈ ಮುಗಿದರು.

ಅವರ ಕಾರು ತಿರುವು ದಾಟುವವರೆಗೆ ಅಣ್ಣ ಗೇಟಿನಲ್ಲಿ ನಿಂತು ಕೈ ಬೀಸಿದ. ಆಮೇಲೆ ಓಡಿಬಂದು, ಪೈಪಿನಿಂದ ನೀರು ಬಿಟ್ಟು, ಅಂಗಡಿಯವನು ಕೊಟ್ಟಿದ್ದ ಮೆತ್ತನೆಯ ಬಟ್ಟೆಯಿಂದ ಬಾನೆಟ್ಟನ್ನು ಒತ್ತಿ ಒತ್ತಿ ಒರೆಸಿದ. ಬಿಳಿ ನೀರು ಚರಂಡಿಗೆ ಹರಿಯಿತು. ಅಮ್ಮ ಬಾಗಿಲಲ್ಲೇ ನಿಂತು ಆ ನೀರಿನ ಸದ್ದು ಕೇಳುತ್ತಿದ್ದಳು.

ಅಣ್ಣ ಬಗ್ಗಿ, ಬಿಸಿಲಿಗೆ ಓರೆಯಾಗಿ ನೋಡಿ, "ಒಂದು ಗೀರೂ ಉಳಿದಿಲ್ಲ, ನೋಡು ಬಾ" ಎಂದು ನನ್ನನ್ನು ಕರೆದ.