ಹೆಂಡತಿಯ ತವರಿನ ತೇಗ

ಗಂಡ ಭೀಮಶಿಯ ದಿನಕರ್ಮಗಳು ಮುಗಿದು, ಬಂದ ನೆಂಟರೆಲ್ಲ ಬಸ್ಸು ಹತ್ತಿ ಹೋದ ಮೇಲಿನ ಮೊದಲ ಬೆಳಗು ಅದು. ಹಾಲಿನವನು ಎಂದಿನಂತೆ ಒಂದು ಲೀಟರ್ ಅಳೆದ. ಮಾಯಾ ಬೇಡವೆನ್ನಲಿಲ್ಲ. ಇನ್ನು ಅರ್ಧ ಲೀಟರ್ ಸಾಕೆಂದು ಹೊಳೆದದ್ದು ಪಾತ್ರೆ ಒಲೆಯ ಮೇಲಿಟ್ಟಾಗ.

ಹುನ್ನೂರು ದಾಟಿದಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಭೀಮಶಿಯ ಬೈಕು ಗುದ್ದಿತ್ತು. ಅತ್ತೆ ಅನಸವ್ವ ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದಳು. ಮಾಯಾಳಿಗೆ ಅಳು ಬಂದಿರಲಿಲ್ಲ. ಧಾರವಾಡದಲ್ಲಿ ಎಂ.ಎ. ಓದಿದವಳ ಎದೆ ಕಲ್ಲು ಎಂದು ನೆಂಟರು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು.

ಹತ್ತರ ಹೊತ್ತಿಗೆ ಕೊಲ್ಲಾಪುರದ ಸಂಜಯ ಬಂದ. ಹಳೆಯ ಕಾರುಗಳನ್ನು ಕೊಂಡು ಕೂಡಿಡುವ ಶ್ರೀಮಂತ. ಗಾಡಿ ನೋಡಲು ಈ ದಿನ ಬರಬೇಕೆಂದು ಬದುಕಿದ್ದಾಗ ಭೀಮಶಿಯೇ ಗೊತ್ತು ಮಾಡಿದ್ದ.

"ವೈನಿ, ಸುದ್ದಿ ಈಗ ಓಣ್ಯಾಗ ಗೊತ್ತಾತು. ಹೊಳ್ಳಿ ಹೋಗತೀನಿ, ಮತ್ತ ಬರತೀನಿ."

"ಬಂದೀರಿ, ನೋಡಿಕೊಂಡ ಹೋಗ್ರಿ."

ಜಮಖಂಡಿಯ ಆ ಮನೆಯ ಹಿಂದೆಯೇ ಗ್ಯಾರೇಜು. ರಬಕವಿಯ ಸೀರೆ ವ್ಯಾಪಾರಿಯೊಬ್ಬರು ಗಂಟು ಸಾಗಿಸಲು ಇಟ್ಟುಕೊಂಡಿದ್ದ ಐವತ್ತು ವರ್ಷದ ಹಿಂದಿನ ಸ್ಟೇಷನ್ ವ್ಯಾಗನ್ನು ಅದರಲ್ಲಿತ್ತು. ಎಳೆದು ತಂದಾಗ ಅದರ ಹೊಟ್ಟೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಐದು ವರ್ಷ ಭೀಮಶಿ ಅದರ ಅಡಿಗೇ ಮಲಗಿ ದುರಸ್ತಿ ಮಾಡಿದ. ಈಗ ಕೆನೆ ಬಣ್ಣದ ತಗಡು, ಎರಡೂ ಪಕ್ಕಕ್ಕೆ ಜೇನು ಬಣ್ಣದ ಕಟ್ಟಿಗೆಯ ಪಟ್ಟಿ, ಹಿಂಬದಿಗೆ ಅದೇ ಕಟ್ಟಿಗೆಯ ದಪ್ಪ ಹಲಗೆ, ಫಳಿ. ಅವನು ಬಿಟ್ಟುಹೋದ ಆಸ್ತಿ ಅದೊಂದೇ.

ಕಟ್ಟಿಗೆ ಕೆಲಸ ಮಾಡಿದ ರಾಚಪ್ಪನೂ ಬಂದಿದ್ದ. ರಬಕವಿಯಲ್ಲಿ ಮಗ್ಗ ಮಾಡುವ ಬಡಿಗ. ಸಂಜಯ ಪಟ್ಟಿಗಳ ಮೇಲೆ ಕೈಯಾಡಿಸಿ, ಕಿಸೆಯಿಂದ ಕಾಗದ ತೆಗೆದ.

"ಈ ಜಾಹೀರಾತ ಓದಿದ ಮ್ಯಾಲಽ ಮನಸ ಮಾಡಿದೆ, ವೈನಿ. ಇಂಥಾ ತ್ಯಾಗ ಯಾರ ಮಾಡ್ತಾರ್ರಿ?"

ಮಾಯಾ ಕಾಗದ ಇಸಿದುಕೊಂಡಳು. ಅದರ ಇಂಗ್ಲಿಷ್ ತಾನು ಬರೆದುಕೊಡುತ್ತೇನೆಂದಿದ್ದಳು. ನಿನಗ್ಯಾಕ ತ್ರಾಸ ಎಂದು ಭೀಮಶಿ ಪೇಟೆಗೆ ಹೋಗಿ ಬರೆಸಿದ್ದ. 'ಈ ಕಟ್ಟಿಗೆ ಆಣೆಕಟ್ಟಿನ ನೀರಿನಲ್ಲಿ ಮುಳುಗಿದ ನನ್ನ ಹೆಂಡತಿಯ ತವರುಮನೆಯ ತಲೆಬಾಗಿಲಿನದು. ನೂರು ವರ್ಷದ ತೇಗ. ಅವಳೇ ಪ್ರೀತಿಯಿಂದ ಕೊಟ್ಟದ್ದು.'

ಎರಡು ಸಲ ಓದಿದಳು.

ಬೀಳಗಿ ಕಡೆಯ ಅವಳ ತವರೂರಿಗೆ ಹಿನ್ನೀರು ಏರಿ ಬಂದಾಗ ಜನ ತೊಲೆ, ಜಂತಿ, ಬಾಗಿಲು ಕಿತ್ತುಕೊಂಡು ಹೊರಟಿದ್ದರು. ತಾಯಿ ಹೊಳೆವ್ವ ಪುನರ್ವಸತಿ ಕೇಂದ್ರದಲ್ಲಿ ಮನೆಯನ್ನೇನೋ ಕಟ್ಟಿಸಿದಳು. ಆದರೆ ಹಳೆಯ ಹೊಸ್ತಿಲು ದಾಟಿಸಿಯೇ ದೇವರನ್ನು ಒಳಗೊಯ್ಯಬೇಕು, ಇಲ್ಲವಾದರೆ ಬೀರಪ್ಪ ನೀರೊಳಗೇ ಉಳಿಯುತ್ತಾನೆ ಎಂಬುದು ಅವಳ ಹಟ. ಎರಡು ವರ್ಷದ ಹಿಂದೆ, ಪಾಲಿಶ್ ಮಾಡಿ ಕೊಡತೀನಿ ಅತ್ತಿ ಎಂದು ಭೀಮಶಿ ಹೊಸ್ತಿಲ ಸಮೇತ ಬಾಗಿಲನ್ನು ಕೇಳಿ ಒಯ್ದಿದ್ದ. ಅಂದಿನಿಂದ ಹೊಳೆವ್ವ ಪಕ್ಕದ ತಗಡಿನ ಶೆಡ್ಡಿನಲ್ಲೇ ಇದ್ದಾಳೆ. ಫೋನು ಮಾಡಿದಾಗೆಲ್ಲ, ಕೆಲಸ ನಡೆದಿದೆಯೆಂದು ಮಾಯಾಳೇ ಹೇಳುತ್ತಿದ್ದಳು: "ಆಗಾಕತ್ತೇತಿ ಯವ್ವಾ."

ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ್ ಸುತ್ತಿದ ಗಂಟು ನಿಂತಿತ್ತು. ಒಳಗಿರುವುದು ತವರಿನ ಬಾಗಿಲೆಂದು ಎರಡು ದೀಪಾವಳಿಗೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದ್ದಳು. ಭೀಮಶಿ ಕರ್ಪೂರ ಹಿಡಿದು ಪಕ್ಕದಲ್ಲೇ ನಿಂತಿದ್ದ. ಈಗ ಹಗ್ಗ ಬಿಚ್ಚಿದಳು. ಒಳಗೆ ಟೊಮೆಟೊ ಪೆಟ್ಟಿಗೆಯ ಹಲಗೆಗಳು, ಹರಿದ ಬಸ್ ಸೀಟಿನ ಬೆನ್ನು.

"ರಾಚಪ್ಪ ಕಾಕಾ, ಹೊಸ್ತಿಲಾ ಎಲ್ಲೈತಿ?"

"ಹಿಂದಿನ ಫಳಿ ಅದಽ ಅಲ್ಲೇನ, ತಂಗಿ?" ಎಂದ ಮುದುಕ, ಹೆಮ್ಮೆಯಿಂದ. ಅವಳ ಮುಖ ನೋಡಿ ದನಿ ಇಳಿಸಿದ. "ನೀನಽ ಹೂಂ ಅಂದಿ ಅಂತ ಹೇಳಿದ್ನಲ್ಲ ಅಂವ."

ಜಾಹೀರಾತಿನ ಚಿತ್ರದಲ್ಲಿ ಅವಳಿದ್ದಳು. ಹಿಂದಿನ ಫಳಿಯ ಮೇಲೆ ಕೂತು ಕಾಲು ಇಳಿಬಿಟ್ಟಿದ್ದಳು. ನಗು, ಎಂದಿದ್ದ ಭೀಮಶಿ. ನಕ್ಕಿದ್ದಳು. ಚಿಕ್ಕವಳಿದ್ದಾಗ ಹೊಸ್ತಿಲ ಮೇಲೆ ಕೂತರೆ ಹೊಳೆವ್ವ ಬೆನ್ನಿಗೆ ಗುದ್ದಿ ಎಬ್ಬಿಸುತ್ತಿದ್ದಳು.

ಅನಸವ್ವ ಬಂದು ಅವಳ ತೋಳು ಹಿಡಿದಳು. ಉಳಿದಿದ್ದ ದನಿಯಲ್ಲಿ ಪಿಸುಗುಟ್ಟಿದಳು: "ಸತ್ತಾವನ ಮರ್ಯಾದಿ ಕಳೀಬ್ಯಾಡ ಬೇ. ಗಾಡಿ ಮಾರು. ಅಂಥಾದಽ ಒಂದ ಬಾಗಲಾ ಮಾಡಿಸಿ ಕಳಸು. ನಿಮ್ಮವ್ವಗ ಏನ ತಿಳೀತೈತಿ?"

"ಸುಳ್ಳು ಅವರು ಹೇಳಿದ್ದಽ ಸಾಕು, ಅತ್ತಿ."

"ಕಟ್ಟಿಗಿ ಬಿಚ್ಚಿದ್ರ ಏನ ಉಳೀತೈತ್ರಿ, ವೈನಿ? ಬರೇ ತಗಡು," ಎಂದ ಸಂಜಯ.

"ತಗಡು ಅವರದು. ಬೇಕಂದ್ರ ತಗೊಳ್ರಿ. ಕಟ್ಟಿಗಿ ನಮ್ಮವ್ವಂದು."

ಸಂಜಯ ಪಟ್ಟಿಗಳ ಮೇಲೆ ಮತ್ತೊಮ್ಮೆ ಕೈಯಾಡಿಸಿದ. ಕಾಗದ ತಿರುಗಿ ಕೇಳಲಿಲ್ಲ, ಹೋದ.

ಅದೇ ಗಾಡಿಯನ್ನು ರಾಚಪ್ಪ ಅವಳ ತಾಯಿಯ ಊರಿಗೆ ನಡೆಸಿದ. ಮಾಯಾ ಮುಂದೆ ಕೂತಳು. ದಾರಿಯ ಊರುಗಳಲ್ಲಿ ಜನ ಚಹಾ ಬಿಟ್ಟು ಎದ್ದು ನೋಡಿದರು. ಯಾರೋ ಸೀಟಿ ಹೊಡೆದರು. ಇಂಥ ಗಾಡಿಯಲ್ಲಿ ಮದುವೆಯವರಲ್ಲದೆ ಇನ್ನಾರು ಬರುತ್ತಾರೆ?

ಹೊಳೆವ್ವ ಶೆಡ್ಡಿನಿಂದ ಓಡಿ ಬಂದಳು. "ನಿನ್ನಿ ಬಿಟ್ಟ ಬಂದೀನಿ, ಇವತ್ತ ಯಾಕ ಹೊರಗ ಬಿದ್ದಿ ಬೇ? ಮಂದಿ ಏನ ಅಂದಾರು?" ಸಾವಿನ ಮನೆಯಲ್ಲಿದ್ದಷ್ಟು ದಿನವೂ ಅವಳು ಬಾಗಿಲಿನ ಮಾತೆತ್ತಿರಲಿಲ್ಲ.

ಮಾಯಾ ರಾಚಪ್ಪನಿಗೆ ಪಟ್ಟಿಗಳನ್ನು ತೋರಿಸಿದಳು. ರಾಚಪ್ಪ ಸ್ಕ್ರೂ ಬಿಚ್ಚತೊಡಗಿದ. ಪಟ್ಟಿ ಒಂದೊಂದೇ ನೆಲಕ್ಕಿಳಿಯಿತು. ಮೂರನೆಯದರ ಒಳಮೈಯಲ್ಲಿ, ಮುಳುಗಡೆಯ ಅಳತೆಗೆ ಬಂದವರು ಬಿಳಿ ಬಣ್ಣದಲ್ಲಿ ಬರೆದಿದ್ದ ಮನೆ ನಂಬರಿನ ಅರ್ಧ ಕಂಡಿತು. ಹೊಳೆವ್ವ ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

ಕೊನೆಗೆ ಹಿಂದಿನ ಫಳಿ. ಮಾಯಾ ಅದನ್ನು ಹೊತ್ತು ಹೊಸ ಮನೆಯ ಖಾಲಿ ಬಾಗಿಲಿಗೆ ಒಯ್ದು ಇಟ್ಟು ಹಿಡಿದುಕೊಂಡಳು. ಒಂದು ಗೇಣು ಕಡಿಮೆ ಬಿತ್ತು.

"ಯಾರ ಕೊಯ್ದಾರ ಇದನ್ನ?"

"ನಿನ್ನ ಅಳಿಯ, ಯವ್ವಾ. ಗಾಡಿ ಚಂದ ಕಾಣಲಿ ಅಂತ."

ಹೊಳೆವ್ವ ಆ ಗೇಣಗಲದ ಸಂದು ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಫೋನಿನ್ಯಾಗ ನೀನಽ ಹೇಳತಿದ್ದಿಯಲ್ಲ, ಆಗಾಕತ್ತೇತಿ ಅಂತ. ನಿನಗ ಗೊತ್ತಿತ್ತೇನ?"

"ಇಲ್ಲ ಯವ್ವಾ."

ಎರಡು ವರ್ಷ ಹೇಳಿದ ದನಿಯೇ ಅದು. ಬೇರೆ ದನಿ ಅವಳಲ್ಲಿರಲಿಲ್ಲ. ಹೊಳೆವ್ವ ನಂಬಿದಳೋ ಬಿಟ್ಟಳೋ, ಮುಖದ ಮೇಲೆ ಏನೂ ಕಾಣಲಿಲ್ಲ. ಎದ್ದು ಬಂದು ಹೊಸ್ತಿಲನ್ನು ಎರಡೂ ಕೈಯಿಂದ ಹಿಡಿದು, "ಬಿಡು" ಎಂದಳು.

ಮಾಯಾ ಬಿಟ್ಟಳು.